ವಿಜಯದಾದಾನ ಹುಲ್ಲುಹಾಸು

“ಅಲ್ಲೇ ನಿಂದ್ರ, ಮುದುಕಿ! ಫರಸಿ ಮ್ಯಾಲ ಕಾಲಿಟ್ಟೀ ಅಂದ್ರ ಕಾಲ ಮುರೀತೇನಿ. ಕುರಿಗಿಂತ ಹೆಚ್ಚ ನಾರಾಕತ್ತೀ.”

ವಿಜಯದಾದಾ ಕುರ್ಚಿಯಿಂದ ಏಳದೆಯೇ ಕೂಗಿದ. ನನ್ನತ್ತೆ ಸಾವಿತ್ರವ್ವ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದಳು. ಅವಳ ಬೆನ್ನ ಹಿಂದೆ ನಾನು, ತುಂಬಿದ ಬಸುರಿ, ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆ. ಕೂತುಕೋ ಎಂದು ಯಾರೂ ಅನ್ನಲಿಲ್ಲ.

ನಾವು ಕುರಿಯವರು. ಮಹಾಗಾಂವದ ಸುತ್ತ ಕಬ್ಬು ಕಡಿದ ಹೊಲಗಳಲ್ಲಿ ರಾತ್ರಿ ಮಂದೆ ತರುಬುತ್ತೇವೆ. ಹಿಕ್ಕೆ, ಉಚ್ಚೆ ಹೊಲಕ್ಕೆ ಗೊಬ್ಬರವಾಗುತ್ತದೆ. ಹೊಲದವರು ನಮಗೆ ಕಾಳನ್ನೋ ರೊಕ್ಕವನ್ನೋ ಕೊಡಬೇಕು. ಈ ಸಲ ಮಂದೆ ತರುಬಿದ್ದು ದಾದಾನ ಬಂಗಲೆಯ ಪಕ್ಕದ ಹೊಲದಲ್ಲಿ. ರೊಕ್ಕವನ್ನೇ ಕೊಡುತ್ತೇನೆಂದು ಅವನು ಮಾತು ಕೊಟ್ಟಿದ್ದ.

“ರೊಕ್ಕಾ ಬೇಕ್ರಿ ದಾದಾ,” ಅಂದಳು ಅತ್ತೆ. “ಸೊಸಿ ದಿನಾ ತುಂಬ್ಯಾವ. ಗಡಹಿಂಗ್ಲಜದಾಗ ದವಾಖಾನಿ ಹಿಂದ ಒಂದ ಖೋಲಿ ನೋಡೇವಿ. ಆಡ್ವಾನ್ಸ ಇಲ್ದ ಕೀಲಿ ಕೊಡಂಗಿಲ್ಲಂತ.”

“ಜ್ವಾಳಾ ಒಯ್ಯಿ. ರೊಕ್ಕಾ ಬಂತಂದ್ರ ನಿಮ್ಮ ಸುಖಾ ಹಾಳಾಕ್ಕೈತಿ. ನನ್ನ ನೋಡ. ಬಂಗ್ಲಾ ಐತಿ, ಗಾಡಿ ಐತಿ, ಗುಳಿಗಿ ನುಂಗದ ನಿದ್ದಿ ಹತ್ತಂಗಿಲ್ಲ. ನಿನ್ನ ಮಗಾ ಯಲ್ಲ್ಯಾ ಬಾಂದಿನ ಮ್ಯಾಲ ಬಿದ್ದಲ್ಲೇ ಗೊರಕಿ ಹೊಡೀತಾನ. ಖರೇ ಶ್ರೀಮಂತ ಅಂದ್ರ ಅಂವಾ!”

ಪಕ್ಕದಲ್ಲಿ ಕೂತಿದ್ದ ಕೊಲ್ಹಾಪುರದ ಸರ್, ಬಿಳಿ ಬಟ್ಟೆಯವರು, “ಅಗದಿ ಬರೋಬರ್” ಎಂದು ತಲೆದೂಗಿದರು. ಮರುದಿನ ಬೆಳಿಗ್ಗೆ ಬಂಗಲೆಯ ಹುಲ್ಲುಹಾಸಿನ ಮೇಲೆ ಅವರ ಆನಂದ ಶಿಬಿರವಿತ್ತು. ರೊಕ್ಕದಿಂದ ಸುಖವಿಲ್ಲ ಎಂದು ಹೇಳಿಕೊಡಲು ಅವರು ತಲೆಗಿಷ್ಟೆಂದು ರೊಕ್ಕ ತೆಗೆದುಕೊಳ್ಳುತ್ತಾರೆ. ಆ ಶಿಬಿರಕ್ಕೆ ಹಗಲೆಲ್ಲ ಚಾಪೆ ಹಾಸಿದವನು ನನ್ನ ಗಂಡ ಯಲ್ಲೇಶ, ಅದೂ ಪುಕ್ಕಟೆಯಾಗಿ.

“ಅಂವಾ ಸುಖದಿಂದ ಮಲಗಂಗಿಲ್ರೀ, ದಣದ ಬೀಳ್ತಾನ,” ಎಂದೆ. ಬಾಯಿ ತಡೆಯಲಿಲ್ಲ.

“ಏ ಯಲ್ಲ್ಯಾ! ನಿನ್ನ ಹೇಂತಿ ಬಾಯಿ ಭಾಳ ಉದ್ದ ಐತಿ. ಆಕೀ ಹೊಟ್ಟಿ ತುಂಬಸೂದೊಂದ ಗೊತ್ತೈತೇನ ನಿನಗ, ಹಾಟ್ಯಾ?”

ಅಲ್ಲಿದ್ದವರೆಲ್ಲ ನಕ್ಕರು. ಚಾಪೆಗಳ ನಡುವೆ ನಿಂತಿದ್ದ ಯಲ್ಲೇಶ ನೆಲ ನೋಡಿದ. ನನಗೆ ದಾದಾನಿಗಿಂತ ಅವನ ಮೇಲೆಯೇ ಸಿಟ್ಟು ಬಂತು.

ಬಿಡಾರಕ್ಕೆ ಬಂದರೂ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಹಿಂದಿನ ಸಲ ಆಜರಾ ದಾರಿಯಲ್ಲಿ, ಸುರಿಯುವ ಮಳೆಯಲ್ಲಿ, ಗೋಡಂಬಿ ಗಿಡಕ್ಕೆ ತಾಡಪತ್ರಿ ಕಟ್ಟಿ ಹೆತ್ತಿದ್ದೆ. ಕೂಸು ಅಳಲೇ ಇಲ್ಲ. ಗಾಡಿ ಸಿಗುವಷ್ಟರಲ್ಲಿ ನನ್ನ ಎದೆಯ ಮೇಲೆಯೇ ತಣ್ಣಗಾಗಿತ್ತು. ರೊಕ್ಕದಿಂದ ಸುಖ ಬರುತ್ತದೋ ಇಲ್ಲವೋ ಆ ಸರ್‌ಗೆ ಗೊತ್ತು. ನನಗೆ ಬಾಗಿಲಿರುವ ಒಂದು ಖೋಲಿ ಬೇಕಿತ್ತು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಒಬ್ಬ ನರ್ಸಮ್ಮ ಬೇಕಿತ್ತು.

ಬೆಳಿಗ್ಗೆ ಕುರಿ ಎಬ್ಬಿಸಿದ ಕೂಡಲೇ ಹೊರಗೆ ಹೊಡೆಯುವುದು ನಮ್ಮಲ್ಲಿ ದ್ರೋಹದ ಕೆಲಸ. ಎಬ್ಬಿಸಿ, ಮಂದೆಯ ಸುತ್ತ ಗೂಟಕ್ಕೆ ಕಟ್ಟಿದ ಜಾಲರಿಯೊಳಗೇ ಒಂದಿಷ್ಟು ಹೊತ್ತು ನಿಲ್ಲಿಸಬೇಕು. ಅವು ಮೈ ಮುರಿದು, ರಾತ್ರಿಯದನ್ನೆಲ್ಲ ಅಲ್ಲೇ ಸುರಿಯುತ್ತವೆ. ಅದು ಹೊಲದವನ ಪಾಲು. ಆ ಪಾಲು ತಪ್ಪಿಸಿದ್ದನ್ನು ನಾನು ಅತ್ತೆಯಲ್ಲಿ ಎಂದೂ ಕಂಡಿರಲಿಲ್ಲ. ಶಿಬಿರದ ಆ ಬೆಳಿಗ್ಗೆ ಅವಳು ಬಂಗಲೆಯ ಕಡೆಯ ಗೂಟ ಕಿತ್ತಳು.

“ಎಬ್ಬಸ್ರಿ. ನಿಂದರಸಬ್ಯಾಡ್ರಿ. ಹೊಡೀರಿ.”

“ಯವ್ವಾ, ಎಲ್ಲಿಗೆ?” ಎಂದ ಯಲ್ಲೇಶ.

“ಅಂವಾ ಸುಖಾ ಹಂಚಾಕತ್ತಾನಲ್ಲ, ಕುರಿಗೂ ಒಂದೀಟ ಸಿಗಲಿ.”

ಯಲ್ಲೇಶ ಒಮ್ಮೆ ನನ್ನ ಹೊಟ್ಟೆ ನೋಡಿದ. ಆಮೇಲೆ ಹೋಗಿ ಬಂಗಲೆಯ ಗೇಟು ತೆಗೆದ.

ಹುಲ್ಲುಹಾಸಿನ ಮೇಲೆ ಬಿಳಿ ಬಟ್ಟೆಯವರೆಲ್ಲ ಕಣ್ಣು ಮುಚ್ಚಿ ಕೂತಿದ್ದರು. “ದೀರ್ಘ ಶ್ವಾಸ ಘ್ಯಾ,” ಎನ್ನುತ್ತಿದ್ದರು ಸರ್ ಮೈಕಿನಲ್ಲಿ. ಉಸಿರು ಎಳೆಯುವಷ್ಟರಲ್ಲಿ ಮಂದೆ ಅವರ ನಡುವೆ ನಿಂತಿತ್ತು. ಹಸಿರು ಹುಲ್ಲು ಕಂಡ ಕುರಿಗಳು ಮೈ ಮುರಿದವು. ಚಾಪೆ, ಮೊಬೈಲು, ದುಬಾರಿ ಬೂಟುಗಳು, ಯಾವುದನ್ನೂ ಬಿಡದೆ ಹಿಕ್ಕೆ ಉದುರಿಸಿದವು. ನನಗೆ ನಗು ಬಂತು, ಹೊಟ್ಟೆ ಹಿಡಿದುಕೊಂಡು ನಕ್ಕೆ.

“ಬಾಡಕೋ ಮುದುಕಿ! ಪೊಲೀಸರನ್ನ ಕರೀತೇನಿ!” ದಾದಾ ಅರೆಚಡ್ಡಿಯಲ್ಲೇ ಓಡಿಬಂದು ಕೋಲೆತ್ತಿದ. ಯಲ್ಲೇಶ ಆ ಕೋಲನ್ನು ಗಾಳಿಯಲ್ಲೇ ಹಿಡಿದ. ಬಿಡಲಿಲ್ಲ.

“ಕರೀರಿ. ಗೊಬ್ಬರಾ ಇಲ್ಲೇ ಬಿದ್ದೈತಿ, ಅವರೂ ನೋಡ್ಲಿ,” ಅಂದಳು ಅತ್ತೆ.

ಸರ್ ಬಿಟ್ಟೋಡಿದ ಮೆತ್ತನೆಯ ಗಾದಿಯ ಮೇಲೆ ನಾನು ಕಾಲು ಚಾಚಿ ಕೂತೆ. ಮೈಕು ಇನ್ನೂ ಚಾಲೂ ಇತ್ತು.

“ಖೋಲಿ ರೊಕ್ಕಾ ತಂದ ಇಲ್ಲಿ ಇಡು ದಾದಾ. ಅಲ್ಲೀತನಕ ಏಳಂಗಿಲ್ಲ. ಬ್ಯಾನಿ ಬಂದ್ರ ಇಲ್ಲೇ ಹಡೀತೇನಿ, ನಿನ್ನ ಮಂದಿ ನೋಡ್ಲಿ.”

ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆಯತೊಡಗಿದರು. ದಾದಾ ಚಡ್ಡಿಯ ಜೇಬಿಗೆ ಕೈ ಹಾಕಿದ, ಫೋನಿಗೋ ಪಾಕೀಟಿಗೋ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಸೊಂಟದಲ್ಲಿ ನೋವು ಎದ್ದಿತು. ಹಲ್ಲು ಕಚ್ಚಿ ಕೂತೇ ಇದ್ದೆ.