ಬಿಳಿ ಅಂಚು

ಹೊಳಲ್ಕೆರೆಯ ಡ್ರಾಯಿಂಗ್ ಮೇಷ್ಟ್ರು ಪಂಚಾಕ್ಷರಪ್ಪನವರು ರಜೆ ಬಂತೆಂದರೆ ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಗಳಲ್ಲಿ ಧೂಳು ಕುಡಿಯುತ್ತಿದ್ದರು. ಅವರಿಗೆ ಬೇಕಾದದ್ದು ಫ್ರಾನ್ಸಿನ ಚಿತ್ರಕಾರರ ಎಚಿಂಗ್‌ಗಳು. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಆಸಿಡ್ ತಿನ್ನಿಸಿ, ಮಸಿ ತುಂಬಿ ಕಾಗದಕ್ಕೊತ್ತಿದ ಅಸಲಿ ಅಚ್ಚುಗಳು. ಕೂಡಿಸಿದ್ದೆಲ್ಲ ಕಬ್ಬಿಣದ ಟ್ರಂಕಿನಲ್ಲಿ, ಬೇವಿನ ಸೊಪ್ಪಿನ ನಡುವೆ ಇರುತ್ತಿತ್ತು. ತಲೆ ಬಾಚಿಕೊಳ್ಳುವ ಹೆಂಗಸಿನ ಒಂದು ಚಿತ್ರಕ್ಕೆ ಮಾತ್ರ, ಕೆಳಗಿನ ಬಿಳಿ ಅಂಚಿನಲ್ಲಿ, ಚಿತ್ರಕಾರನೇ ಪೆನ್ಸಿಲಿನಲ್ಲಿ ಹಾಕಿದ ಸಹಿ ಇತ್ತು. ಸತ್ತು ಎಷ್ಟೋ ಕಾಲವಾದವನ ಕೈಬರಹ. ಯಾರಿಗೇ ತೋರಿಸಲಿ, ಮೇಷ್ಟ್ರು ಹೆಂಗಸನ್ನು ಬಿಟ್ಟು ಆ ಸಹಿಯ ಕೆಳಗೇ ಬೆರಳಿಡುತ್ತಿದ್ದರು.

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹೆಂಡತಿ ಕೊಟ್ರಮ್ಮ ಹಾಸಿಗೆ ಹಿಡಿದಳು.

"ಏನ್ರೀ, ಆ ಜಡೆಯವಳನ್ನ ಗೋಡೆಗಾದ್ರೂ ಹಾಕ್ರಿ. ನನ್ನ ಕೂದ್ಲಂತೂ ಉದುರಿಹೋದ್ವು. ಅವಳು ಬಾಚ್ಕಳಾದ್ನಾರ ನೋಡ್ತೀನಿ."

ಮೇಷ್ಟ್ರು ಚಿತ್ರದುರ್ಗಕ್ಕೆ ಔಷಧಿ ತರಲು ಹೋದಾಗ ಚಿತ್ರವನ್ನು ಅಲ್ಲಿನ ಕಾಟಲಿಂಗಪ್ಪನ ಅಂಗಡಿಗೆ ಕೊಟ್ಟರು. ಅವನು ದೇವರ ಪಟ ಕಟ್ಟುವವನು. ಕ್ಯಾಲೆಂಡರಿನ ಲಕ್ಷ್ಮಿಯ ಕಾಲಡಿಯಿಂದ ಬೀಡಿ ಜಾಹೀರಾತು ಕತ್ತರಿಸಿ ತೆಗೆಯದೆ ಗಾಜು ಹಾಕಿದವನಲ್ಲ. ಅಂಚು ಮುಟ್ಟಬೇಡ ಎಂದು ಹೇಳುವುದು, ಔಷಧಿಯ ಅವಸರದಲ್ಲಿ, ಮೇಷ್ಟ್ರಿಗೆ ಹೊಳೆಯಲೇ ಇಲ್ಲ.

ಮುಂದಿನ ವಾರ ಹೋದರೆ ಕಾಟಲಿಂಗಪ್ಪ ಹೆಗಲ ಮೇಲಿನ ಟವೆಲಿನಿಂದ ಗಾಜೊರೆಸಿ ಎತ್ತಿ ಹಿಡಿದ.

"ಹೆಂಗೆ ಕುಂತೈತೆ ನೋಡ್ರಿ ಮೇಷ್ಟ್ರೇ! ಕೆಳಗೆ ಯಾವನೋ ಪೆನ್ಸಿಲಲ್ಲಿ ಗೀಚಿದ್ದ, ಕತ್ತರಿಸಿ ಬಿಸಾಕ್ದೆ."

"ಆ ಚೂರು ಎಲ್ಲಿ?"

"ಅಯ್ಯ, ಕಸ! ಗೋಂದು ಕಾಯ್ಸಾಕೆ ಒಲೆಗೆ ಹೋತು. ಯಾಕ್ರೀ ಹಿಂಗೆ ಬೆವರ್ತೀರಿ? ಕುಂತ್ಕಳ್ರಿ."

ಮೇಷ್ಟ್ರು ಕೂರಲಿಲ್ಲ, ಬೈಯಲೂ ಇಲ್ಲ. ಪಟವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ಗೋಡೆಗೆ ಹಾಕಿದಾಗ ಕೊಟ್ರಮ್ಮ ಬಹಳ ಹೊತ್ತು ನೋಡಿ, ಗಂಡ ಮಾಡುತ್ತಿದ್ದ ಹಾಗೇ ಬೆರಳು ಎತ್ತಿದಳು.

"ಅವನ ಸಹಿ ಎಲ್ರೀ?"

"ಕಟ್ಟಿನ ಒಳಗೈತೆ ಕಣೇ."

"ಒಳ್ಳೇದಾತು ಬಿಡ್ರಿ. ಬಿಸಿಲು ಬೀಳಂಗಿಲ್ಲ."

ಅದನ್ನು ನಂಬಿಕೊಂಡೇ ಶ್ರಾವಣಕ್ಕೆ ಮುಂಚೆ ಹೋಗಿಬಿಟ್ಟಳು.

ಅವಳದಿದ್ದದ್ದು ಒಂದೇ ಫೋಟೊ, ಹೊಸದುರ್ಗದ ಸ್ಟುಡಿಯೋದಲ್ಲಿ ತೆಗೆಸಿದ್ದು. ಮೇಷ್ಟ್ರು ಅದನ್ನೂ ಕಾಟಲಿಂಗಪ್ಪನ ಮುಂದಿಟ್ಟರು. ಅವನು ಲೊಚಗುಟ್ಟಿ, ಕಣ್ಣೊರೆಸಿಕೊಂಡು, ಅಭ್ಯಾಸಬಲದಿಂದ ಕತ್ತರಿಗೆ ಕೈ ಹಾಕಿದ. ಮೇಷ್ಟ್ರು ಆ ಕೈ ಹಿಡಿದರು.

"ಏನೂ ಕತ್ತರಿಸಬೇಡ."

"ಕೆಳಗೆ ಸ್ಟುಡಿಯೋ ಹೆಸ್ರು ಕಾಣ್ತೈತಲ್ರಿ, ಅಮ್ಮಾರ ಫೋಟಕ್ಕೆ..."

"ಕಾಣ್ಲಿ ಬಿಡಪ್ಪ," ಎಂದ ಮೇಷ್ಟ್ರು ಈ ಸಲ ಕೂತರು. ಗಾಜು ಹಾಕಿ ಮೊಳೆ ಹೊಡೆದು ಮುಗಿಸುವವರೆಗೂ ಅಲ್ಲಿಂದ ಏಳಲಿಲ್ಲ.