ಎಣ್ಣಿ ಹಾಕಿದ ಮೆಂತೆ

ನಮ್ಮ ವಿಜ್ಞಾನದ ಟೀಚರ್ ಶಿವರಂಜನಿ ಮೈಸೂರು ಕಡೆಯವರು. ಅವರ ಕನ್ನಡ ಬೆಣ್ಣೆ, ನಮ್ಮದು ಕಟಕರೊಟ್ಟಿ. ಆ ಎರಡರ ನಡುವೆ ಸಿಕ್ಕಿಬಿದ್ದದ್ದು ನನ್ನ ಪ್ರಯೋಗ, ಜೊತೆಗೆ ಪಾಪ, ಆಯಿಯ ಚುಕ್ಕಿ ಕೋಳಿ.

ಟೀಚರ್ ಹಲಗೆಯ ಮೇಲೆ ಬರೆದಿದ್ದರು: ಮೂರು ಡಬ್ಬಿಗಳಲ್ಲಿ ಮೆಂತ್ಯ ಬಿತ್ತಿರಿ. ಒಂದಕ್ಕೆ ಶುದ್ಧ ನೀರು, ಒಂದಕ್ಕೆ ಸೋಪಿನ ನೀರು, ಒಂದಕ್ಕೆ ಎಣ್ಣೆ ಬೆರೆಸಿದ ನೀರು. ಮಾಲಿನ್ಯದಿಂದ ಗಿಡ ಹೇಗೆ ಸೊರಗುತ್ತದೆ ನೋಡಿರಿ. "ಯಾರ ಪ್ರಯೋಗ ಚೆನ್ನಾಗಿರುತ್ತೋ ಅವರನ್ನ ಯಾದಗಿರಿಯ ವಸ್ತುಪ್ರದರ್ಶನಕ್ಕೆ ಕರ್ಕೊಂಡು ಹೋಗ್ತೀನಿ" ಎಂದರು.

ಯಾದಗಿರಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಆಮೇಲೆ ಅವರು ಹೇಳಿದ್ದು ಒಂದೂ ನನ್ನ ತಲೆಗೆ ಹೋಗಲಿಲ್ಲ. ಯಾದಗಿರಿಗೆ ವಡಗೇರಾದಿಂದ ಬಸ್ಸು ಬರುತ್ತದೆ. ವಡಗೇರಾದಲ್ಲಿ ನನ್ನ ಅವ್ವ ಇದ್ದಾಳೆ.

ಅಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಅವ್ವನ ತವರಿನವರು ಅವಳಿಗೆ ವಡಗೇರಾದವನೊಬ್ಬನ ಜೊತೆ ಉಡಿಕಿ ಮಾಡಿದರು. ಗಂಡ ಸತ್ತವಳಿಗೆ ಮತ್ತೊಂದು ಮದುವೆ ಮಾಡಿದರೆ ನಮ್ಮ ಮಂದಿ ಅದಕ್ಕೆ ಉಡಿಕಿ ಎನ್ನುತ್ತಾರೆ. ಹಾಗೆ ಹೋದವಳು ಮೊದಲ ಗಂಡನ ಹೊಸ್ತಿಲು ತುಳಿಯುವ ಹಾಗಿಲ್ಲ, ಹೆತ್ತ ಕೂಸು ಮಾತ್ರ ಮೊದಲ ಮನೆಗೇ ಸೇರಿದ್ದು. ಈ ಕಾಯಿದೆ ಮಾಡಿದವರಿಗೆ ಅವ್ವ ಇರಲಿಲ್ಲವೆಂದು ಕಾಣುತ್ತದೆ. ಹೀಗಾಗಿ ಬೋನಾಳದ ಮನೆಯಲ್ಲಿ ನಾನು ಮತ್ತು ಅಪ್ಪನ ತಾಯಿ ಸಾಯಬಮ್ಮ ಆಯಿ ಇಬ್ಬರೇ.

ಅವ್ವ ಆಗಾಗ ಫೋನು ಮಾಡುತ್ತಾಳೆ. ಆಯಿ ಅದನ್ನು ಕಿವಿಗೆ ಹಚ್ಚುವುದಿಲ್ಲ, ಸೀದಾ ನನ್ನ ಕೈಗೆ ತುರುಕುತ್ತಾಳೆ. ಫೋನಿನಲ್ಲಿ ದನಿ ಬರುತ್ತದೆ, ನಿಜ. ನನಗೆ ಬೇಕಾದದ್ದು ಅವಳ ಸೆರಗಿನ ವಾಸನೆ, ತಲೆ ಬಾಚುವಾಗ ಜಗ್ಗಿ ಜಗ್ಗಿ ಜಡೆ ಹಾಕುವ ಅವಳ ಒರಟು ಕೈ.

"ಅವ್ವಾ, ನಾ ಯಾದಗಿರಿಗಿ ಬಂದ್ರ ನೀ ಬರ್ತಿ ಏನು?"

ಆಚೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ದನಿ ಇಳಿಸಿ ಅಂದಳು: "ಬರ್ತೀನಿ ನನ್ನವ್ವ. ಏನರ ನೆವ ಹೇಳಿ ಬರ್ತೀನಿ. ನೀ ಮೊದಲ ಅಲ್ಲಿ ಮಟ ಬಾ."

ಅಲ್ಲಿಯ ತನಕ ಹೋಗಬೇಕಾದರೆ ಮೆಂತ್ಯ ಬೆಳೆಯಬೇಕು. ಓಡಿದೆ ಆಯಿಯ ಹತ್ತಿರ.

"ಆಯಿ, ಎಣ್ಣಿ ಬೇಕು."

"ಒಳ್ಳೆಣ್ಣಿ ಏನ? ಹೋದ ಸಂತ್ಯಾಗ ತಂದದ್ದು ಅದ, ತಲಿಗಿ ಸುರಕೋಬ್ಯಾಡ ಮತ್ತ."

"ಅಡಗಿದ್ದಲ್ಲ. ಗಿಡಕ್ಕ ಹಾಕೋದು."

ಗಿಡಕ್ಕೆ ಹಾಕುವ ಎಣ್ಣಿ ಎಂದರೆ ನಮ್ಮ ಸುರಪುರ ಸೀಮೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು, ಹತ್ತಿಯ ಹುಳಕ್ಕೆ ಹೊಡೆಯುವ ವಿಷ. ಆಯಿ ಜಂತಿಯಲ್ಲಿ ಸಿಕ್ಕಿಸಿದ್ದ ಬಾಟಲಿ ಇಳಿಸಿ ಕೊಟ್ಟಳು. "ಮುಟ್ಟಿದ ಮ್ಯಾಲ ಕೈ ತಿಕ್ಕಿ ತೊಳಕೋ. ಏನ್ ಸಾಲಿನೋ ಏನೋ, ಹುಡಗೂರ ಕೈಯಾಗ ಎಣ್ಣಿ ಕೊಡಸ್ತಾರ!"

ಸೋಪಿನ ನೀರು ಕುಡಿದ ಮೆಂತ್ಯ ಹಳದಿಯಾಗಿ ಮಲಗಿತು. ಶುದ್ಧ ನೀರಿನದು ಎದ್ದಿತು, ಆದರೆ ಹುಳ ಬಿದ್ದು ಎಲೆಯೆಲ್ಲ ತೂತು. ಎಣ್ಣಿಯ ಡಬ್ಬಿ ನೋಡಬೇಕಿತ್ತು! ಒಂದು ತೂತಿಲ್ಲ, ಒಂದು ಕಲೆಯಿಲ್ಲ, ಡಬ್ಬಿ ಕಾಣದ ಹಾಗೆ ಹಸಿರು ತುಂಬಿಕೊಂಡಿತ್ತು.

ಸಾಲೆಗೆ ಒಯ್ದಾಗ ಟೀಚರ್ ಕನ್ನಡಕ ಏರಿಸಿ ನೋಡಿದರು, ಮೂಸಿದರು, ಮೂಗು ಮುಚ್ಚಿಕೊಂಡರು. "ಇದು ಯಾವ ಎಣ್ಣೆ ಉಮಾ?"

"ಹತ್ತಿಗಿ ಹೊಡಿಯೋ ಎಣ್ಣಿ ರೀ."

ಟೀಚರ್ ಕುರ್ಚಿಯ ಮೇಲೆ ಕುಸಿದರು. "ಅಯ್ಯೋ, ನಾನು ಹೇಳಿದ್ದು ಗಾಡಿಯಿಂದ ಸೋರೋ ಎಣ್ಣೆ ಕಣಮ್ಮ!"

"ಅದಕ್ಕ ಕರಿಎಣ್ಣಿ ಅನ್ನಬೇಕ್ರಿ. ಬರೇ ಎಣ್ಣಿ ಅಂದ್ರ ನಾವೇನ್ ಮಾಡೂಣ್ರಿ?"

ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. ವಿಷ ಹಾಕಿದ ಗಿಡವೇ ಚೆಂದ ಬೆಳೆದಿದೆ ಎಂದು ಯಾದಗಿರಿಯಲ್ಲಿ ಹೇಗೆ ತೋರಿಸುವುದು, ಈ ಸಲ ಬೇಡ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷವಂತೆ! ಡಬ್ಬಿಗಳನ್ನು ಎದೆಗವಚಿಕೊಂಡು ದಾರಿಯುದ್ದಕ್ಕೂ ಅಳುತ್ತ ಬಂದೆ. ಅಂಗಳದಲ್ಲಿ ಇಟ್ಟು ಒಳಗೆ ಹೋಗಿ ಕೌದಿ ಹೊದ್ದು ಬಿದ್ದುಕೊಂಡೆ.

ಆಯಿ ಹೊಯ್ಕೊಂಡಾಗಲೇ ಎದ್ದದ್ದು. ಚುಕ್ಕಿ ಕೋಳಿ ಅಂಗಳದಲ್ಲಿ ಕಾಲು ಚಾಚಿ ಬಿದ್ದಿತ್ತು, ಕೊಕ್ಕಿನಲ್ಲಿ ಮೆಂತ್ಯದ ಎಸಳು. ಹುಳ ತಿಂದ ಡಬ್ಬಿಯನ್ನು ಅದು ಮೂಸಿಯೂ ನೋಡಿರಲಿಲ್ಲ.

"ಚಂದ ಕಂಡದ್ದಕ್ಕ ಬಾಯಿ ಹಾಕ್ತು ನನ್ನ ಮುತ್ತು" ಎಂದು ಆಯಿ ಅತ್ತಳು. ನನಗೂ ದುಃಖವಾಯಿತು. ಆದರೆ ಸುಳ್ಳೇಕೆ, ಅಳುತ್ತಿರುವಾಗಲೇ ನನ್ನ ತಲೆಯಲ್ಲಿ ಯಾದಗಿರಿಯ ಬಸ್ಸು ಹೊರಟಿತ್ತು.

ಮರುದಿನ ಕೋಳಿಯನ್ನು ಸಿಮೆಂಟಿನ ಚೀಲದಲ್ಲಿ ಸುತ್ತಿ ಒಯ್ದು ಟೀಚರ್ ಮುಂದೆ ಇಟ್ಟೆ. "ನೋಡ್ರಿ ಟೀಚರ್. ಎಣ್ಣಿ ಹಾಕಿದ್ರ ಗಿಡ ಸಾಯಂಗಿಲ್ರಿ. ತಿಂದಾಕಿ ಸಾಯ್ತಾಳ್ರಿ."

ಟೀಚರ್ ಮೊದಲು ಕಿರುಚಿದರು. ಆಮೇಲೆ ಕೋಳಿಯ ಕೊಕ್ಕನ್ನು ಬಗ್ಗಿ ನೋಡಿ, "ಹೋಗೋಣ ಯಾದಗಿರಿಗೆ. ಕೋಳಿ ಬೇಡ, ಡಬ್ಬಿ ಸಾಕು" ಎಂದರು.

ಹೊರಡುವ ದಿನ ಆಯಿ ರೊಟ್ಟಿ ಕಟ್ಟಿಕೊಟ್ಟಳು. ಗಂಟು ಭಾರವಿತ್ತು.

"ಇಷ್ಟ್ಯಾಕ ಆಯಿ? ನಾ ಒಬ್ಬಾಕಿ ತಿನ್ನಾಕಿ."

"ಹಸುವು ಹೇಳಿ ಬರ್ತದೇನು? ತಗೊಂಡು ಹೋಗು ಸುಮ್ಮನ" ಎಂದು ಮುಖ ತಿರುಗಿಸಿದಳು. ಅವ್ವನಿಗೆ ಫೋನಿನಲ್ಲಿ ದಿನ ತಿಳಿಸಿದ್ದೆ, ಅವಳು ಬರುವ ವಿಷಯ ಆಯಿಗೆ ಮಾತ್ರ ಹೇಳಿಯೇ ಇರಲಿಲ್ಲ.

ಯಾದಗಿರಿಯ ಆ ದೊಡ್ಡ ಹಾಲಿನಲ್ಲಿ ಡಬ್ಬಿ ಜೋಡಿಸಿ ನಿಂತೆ. ಬಾಗಿಲಲ್ಲಿ ಸೀರೆಯ ಸೆರಗು ಕಂಡಾಗಲೆಲ್ಲ ತುದಿಗಾಲಲ್ಲಿ ನಿಂತು ನೋಡುತ್ತಿದ್ದೆ. ಯಾರಾರೋ ಬಂದರು, ಹೋದರು. ಮಧ್ಯಾಹ್ನವಾಯಿತು. ಬರುವುದಿಲ್ಲ, ನೆವ ಸಿಕ್ಕಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತ, ಕಣ್ಣು ಒರೆಸಿಕೊಳ್ಳಲು ಗೋಡೆಯ ಕಡೆ ತಿರುಗಿದೆ.

ತಿರುಗಿ ನೋಡಿದರೆ ಮೇಜಿನ ಆಚೆ ಅವ್ವ! ತೆಳ್ಳಗಾಗಿದ್ದಾಳೆ. ನನ್ನನ್ನು ನೋಡಲು ಧೈರ್ಯ ಸಾಲದೆ ತಲೆ ತಗ್ಗಿಸಿ ಡಬ್ಬಿಗಳನ್ನು ನೋಡುತ್ತಿದ್ದಾಳೆ. ಹಸಿ ಮೆಂತ್ಯ ಕಂಡರೆ ನಮ್ಮ ಕಡೆಯವರ ಕೈ ಸುಮ್ಮನಿರುತ್ತದೆಯೇ? ರೊಟ್ಟಿಯ ಜೊತೆ ಹಸಿಯಾಗಿಯೇ ಮೆಲ್ಲುವ ಮಂದಿ ನಾವು. ಏನು ಮಾಡಬೇಕೆಂದು ತಿಳಿಯದ ಅವ್ವ ಹಸಿರು ತುಂಬಿದ ಡಬ್ಬಿಯಿಂದ ಒಂದು ಕುಡಿ ಚಿವುಟಿ ಬಾಯಿಗೆ ಒಯ್ದಳು.

ಫಟ್ಟನೆ ಹೊಡೆದೆ. ಕುಡಿ ಹಾರಿ ಬಿತ್ತು. ಇಷ್ಟು ದಿನ ಹಂಬಲಿಸಿದ ಕೈಯನ್ನು ಹೊಡೆದೇ ಮುಟ್ಟಿದೆ.

ಅವ್ವ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಕಣ್ಣು ತುಂಬಿಕೊಂಡು, "ಹೊಡಿಯವ್ವ" ಅಂದಳು. "ಬಿಟ್ಟು ಹೋದಾಕಿ ನಾನು. ಹೊಡಿಸಿಕೊಳ್ಳಾಕ ಬಂದೀನಿ, ಇನ್ನೊಂದು ಹೊಡಿ."

"ಅವ್ವಾ, ಅದು ಎಣ್ಣಿ ಹಾಕಿದ್ದು! ತಿಂದ್ರ ಸಾಯ್ತಿ!" ಎಂದು ಅವಳ ಕೈ ಹಿಡಿದು ಬೋರಾಡಿ ಅತ್ತೆ. ನನ್ನ ಲಂಗದ ಅಂಚಿನಿಂದಲೇ ಅವಳ ಬೆರಳು ಒರೆಸಿದೆ, ಬಾಟಲಿಯ ನೀರು ಸುರಿದು ತೊಳೆದೆ. ತೊಳೆದಾದ ಮೇಲೂ ಬಿಡಲಿಲ್ಲ.

"ಹಂಗಾರ ಯಾವದು ತಿನ್ಲಿ?" ಎಂದಳು ಮೂಗು ಏರಿಸುತ್ತ.

ರೊಟ್ಟಿಯ ಗಂಟು ಬಿಚ್ಚಿದೆ. ಆಯಿಯ ಕೈರೊಟ್ಟಿ ನೋಡಿ ಅವ್ವ, "ಅತ್ತಿ ಕಟ್ಟ್ಯಾಳೇನು?" ಎಂದು ಕೇಳಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಹುಳ ತಿಂದ ಡಬ್ಬಿಯಿಂದ ಒಂದೊಂದೇ ಕುಡಿ ಚಿವುಟಿ ರೊಟ್ಟಿಯಲ್ಲಿ ಸುತ್ತಿ ಅವಳ ಬಾಯಿಗೆ ಇಟ್ಟೆ. ಅವಳು ನನ್ನ ಬಾಯಿಗೆ ಇಟ್ಟಳು. ತಿನ್ನುತ್ತಲೇ ನನ್ನ ಜಡೆ ಬಿಚ್ಚಿ, ಜಗ್ಗಿ ಜಗ್ಗಿ ಮತ್ತೆ ಹಾಕಿದಳು. ಆಮೇಲೆ ಬಸ್ಸಿನ ಹೊತ್ತಾಯಿತೆಂದು ಎದ್ದು ಹೋದಳು. ಬಾಗಿಲಲ್ಲಿ ತಿರುಗಿ ನೋಡಿದಳು, ಹೋದಳು.

ಆಮೇಲೆ ಬಂದರು ತೀರ್ಪುಗಾರರು. ಟೀಚರ್ ಹುಮ್ಮಸ್ಸಿನಿಂದ ಎಲ್ಲ ವಿವರಿಸುತ್ತ ಕೊನೆಯಲ್ಲಿದ್ದ ಹುಳ ತಿಂದ ಡಬ್ಬಿಯ ಹತ್ತಿರ ಬಂದು ನಿಂತುಬಿಟ್ಟರು. ಬರೀ ಮಣ್ಣು, ಮೋಟು ದಂಟು.

"ಏನಮ್ಮಾ, ಶುದ್ಧ ನೀರು ಹಾಕಿದ ಗಿಡ ಎಲ್ಲಿ?" ಎಂದು ಕೇಳಿದರು ತೀರ್ಪುಗಾರರು.

"ನಮ್ಮವ್ವ ತಿಂದಾಳ್ರಿ" ಎಂದೆ, ಇಡೀ ಹಾಲಿಗೆ ಕೇಳುವ ಹಾಗೆ.