ಗೋಡೆಗೆ ಕಟ್ಟಿದ ಮರ

ಪದ್ಮಜಾ ಹಟ ಹಿಡಿದಳೆಂದರೆ ಮುಗಿಯಿತು, ಬ್ರಹ್ಮ ಬಂದು ಹೇಳಿದರೂ ಬಿಡುವವಳಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಪಾಠವನ್ನೂ ಹೇಳಿದ್ದವಳು ಮದುವೆಯಾಗಿ ಅಮೆರಿಕದ ಆನ್ ಆರ್ಬರಿಗೆ ಬಂದ ಮೇಲೆ ಅವಳ ಡಿಗ್ರಿಯನ್ನು ಕೇಳುವವರೇ ಇರಲಿಲ್ಲ. ಗಂಡ ರಘೋತ್ತಮ ಡೆಟ್ರಾಯಿಟ್ ಕಡೆಯ ಒಂದು ಕಾರು ಕಂಪನಿಯಲ್ಲಿ ಎಂಜಿನಿಯರ್. ಅವನು ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತು ಅವಳಿಗೆ ಮಾತಿಗಿದ್ದದ್ದು ಹಿತ್ತಲೊಂದೇ.

ಹಿತ್ತಲೆಂದರೆ ಎಂಥ ಹಿತ್ತಲು! ಎರಡು ಸೀರೆ ಒಣಹಾಕಿದರೆ ಮೂರನೆಯದಕ್ಕೆ ಜಾಗವಿಲ್ಲ. ಆದರೆ ಗ್ಯಾರೇಜಿನ ಇಟ್ಟಿಗೆ ಗೋಡೆ ದಕ್ಷಿಣಕ್ಕೆ ಮುಖ ಮಾಡಿ ನಿಂತಿತ್ತು. ಲೈಬ್ರರಿಯ ಒಂದು ಪುಸ್ತಕದಲ್ಲಿ, ಗೋಡೆಗೆ ಬೀಸಣಿಗೆಯ ಹಾಗೆ ಹರಡಿಸಿ ಕಟ್ಟಿದ ಏಪ್ರಿಕಾಟ್ ಹಣ್ಣಿನ ಮರದ ಚಿತ್ರ ನೋಡಿದ್ದೇ ಅವಳ ತಲೆಯಲ್ಲಿ ಹುಳ ಹೊಕ್ಕಿತು. ಎಪ್ಪತ್ತೊಂದರ ವಸಂತದಲ್ಲಿ ಕಡ್ಡಿಯಂಥ ಒಂದು ಸಸಿ ತಂದು ನೆಟ್ಟಳು. ಮೊಣಕಾಲೆತ್ತರಕ್ಕೆ ಅದರ ತಲೆ ಕತ್ತರಿಸಿದಳು. ಚಿಗುರಿದ ಎರಡು ಕೊಂಬೆಗಳನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ, ಗೋಡೆಗೆ ಬಿಗಿದ ತಂತಿಗೆ ಹಳೆಯ ಲಂಗದ ಲಾಡಿಯಿಂದ ಕಟ್ಟಿದಳು. ಆ ಕೊಂಬೆಗಳಲ್ಲಿ ಒಡೆದ ಕವಲುಗಳನ್ನೂ ಹಾಗೆಯೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮವರು ಮಕ್ಕಳಿಗೆ ಹೇಳುವ ಮಾತನ್ನು ಅವಳು ನಿಜವಾಗಿ ಗಿಡಕ್ಕೇ ಮಾಡಿ ತೋರಿಸಿದಳು.

ಈ ಮರಕ್ಕೆ ಒಂದು ಕೆಟ್ಟ ಅವಸರ. ಮಿಷಿಗನ್ನಿನ ಚಳಿ ಇನ್ನೂ ಹೊಸಿಲು ದಾಟಿರುವುದಿಲ್ಲ, ಇದು ಹೂ ಬಿಟ್ಟು ನಿಲ್ಲುತ್ತದೆ. ಆಮೇಲೆ ಒಂದು ರಾತ್ರಿಯ ಹಿಮಕ್ಕೆ ಎಲ್ಲ ಕಪ್ಪಾಗುತ್ತದೆ. ಎಪ್ಪತ್ಮೂರರಲ್ಲಿ ಹಾಗಾಯಿತು, ಎಪ್ಪತ್ನಾಲ್ಕರಲ್ಲೂ ಹಾಗೇ ಆಯಿತು. ಕನ್ನಡದವರು ಊಟಕ್ಕೆ ಸೇರಿದಾಗಲೆಲ್ಲ ಯಾರಾದರೊಬ್ಬರು ಏಪ್ರಿಕಾಟ್ ಉಪ್ಪಿನಕಾಯಿ ಯಾವಾಗ ಎಂದು ಕೇಳುವುದು, ಉಳಿದವರು ನಗುವುದು. ರಘೋತ್ತಮನಂತೂ ಅದಕ್ಕೆ ‘ಪದ್ಮನ ಬಳ್ಳಿ’ ಎಂದೇ ಹೆಸರಿಟ್ಟ. ಪದ್ಮಜಾಗೆ ರೇಗಿತು. ಹಣ್ಣು ಕೈಗೆ ಬರುವ ತನಕ ಹಣ್ಣೆಂಬ ಮಾತೇ ಎತ್ತುವುದಿಲ್ಲವೆಂದು ಅಂದೇ ಶಪಥ ಮಾಡಿದಳು. ಹಾಗೆಯೇ ನಡೆದುಕೊಂಡಳು ಕೂಡ, ಅದೇ ಆಮೇಲೆ ಮುಳುವಾಯಿತು.

ಆ ವರ್ಷದ ಕೊನೆಗೆ ಅತ್ತೆ ಶೇಷಮ್ಮ ಮೈಸೂರಿನಿಂದ ಬಂದರು. ಮಡಿ ಹೆಂಗಸು. ದೇವರಿಗೆ ತೋರಿಸದೆ ಒಂದು ದ್ರಾಕ್ಷಿಯನ್ನೂ ಬಾಯಿಗೆ ಹಾಕಿದವರಲ್ಲ. ಅಡಿಗೆಮನೆಯ ಒಂದು ಕಪಾಟನ್ನು ತೆರವು ಮಾಡಿಸಿ ದೇವರನ್ನಿಟ್ಟರು. ಅವರಿಗೆ ಚಳಿಯ ಚಿಂತೆಯಿರಲಿಲ್ಲ, ಹೂವಿನದೇ ಚಿಂತೆ. ಅಂಗಡಿಯ ಹೂ ಯಾರು ಮುಟ್ಟಿದ್ದೋ ಎಂದು ಬೇಡವೆಂದರು. ಇಡೀ ಚಳಿಗಾಲ ರಾಮದೇವರಿಗೆ ಬರೀ ಅಕ್ಷತೆ ಹಾಕಿ, ದಿನವೂ ಕ್ಷಮೆ ಕೇಳಿಕೊಂಡರು.

ಅದೇ ಚಳಿಗಾಲದಲ್ಲಿ ಕಾರು ಕಂಪನಿ ಸಾವಿರಾರು ಜನರನ್ನು ಮನೆಗೆ ಕಳಿಸಿತು. ರಘೋತ್ತಮನೂ ಅವರಲ್ಲೊಬ್ಬ. ಊರೂರಿಗೆ ಅಪ್ಲೈ ಮಾಡಿ ಕೊನೆಗೆ ಷಿಕಾಗೊ ಪಕ್ಕದ ಅರೋರಾದಲ್ಲಿ ಒಂದು ಕೆಲಸ ಹಿಡಿದ. ಆಗಸ್ಟ್ ಹೊತ್ತಿಗೆ ಮನೆ ಮಾರಿ ಹೊರಡಬೇಕು. ಪಾತ್ರೆ ಪಡಗ ಬರುತ್ತವೆ, ಸೋಫಾ ಬರುತ್ತದೆ. ಬೇರು ಬಿಟ್ಟು ಗೋಡೆಯುದ್ದಕ್ಕೂ ಕೈಚಾಚಿದ ಮರ ಬರುವುದಿಲ್ಲ. ಹಣ್ಣೆಂದರೆ ಈ ವರ್ಷದ್ದೇ, ಇಲ್ಲದಿದ್ದರೆ ಇಲ್ಲ. ಪದ್ಮಜಾ ಟ್ರಂಕಿನಲ್ಲಿದ್ದ ಹಳೆಯ ಸೀರೆಗಳನ್ನೆಲ್ಲ ಹೊರಗೆ ತೆಗೆದಳು.

ಏಪ್ರಿಲ್‌ನಲ್ಲಿ ಮೊಗ್ಗು ಕೆಂಪಾಯಿತು. ಪ್ರತಿ ಸಂಜೆ ಅವಳು ಗೋಡೆಯ ಮೇಲಿನಿಂದ ಸೀರೆ ಇಳಿಬಿಟ್ಟು ಮರವನ್ನು ಮುಚ್ಚುವಳು, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯುವಳು. ಶೇಷಮ್ಮ ಕಿಟಕಿಯಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಸೊಸೆ ಏನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ರಾಮನವಮಿಯ ದಿನ ಕೊಂಬೆ ಕೊಂಬೆಯಲ್ಲೂ ಹೂ ಅರಳಿತ್ತು. ಪಾನಕಕ್ಕೆ ನಿಂಬೆಹಣ್ಣು, ಕೋಸಂಬರಿಗೆ ಸೌತೆಕಾಯಿ ತರಲು ಪದ್ಮಜಾ ಡ್ರೈವ್ ಮಾಡಿಕೊಂಡು ಅಂಗಡಿಗೆ ಹೋದಳು. ತಿರುಗಿ ಬಂದು ಅಡಿಗೆಮನೆಗೆ ಕಾಲಿಟ್ಟರೆ, ಕಪಾಟಿನಲ್ಲಿ ರಾಮದೇವರ ಮುಖ ಬಿಟ್ಟು ಬೇರೇನೂ ಕಾಣುತ್ತಿಲ್ಲ. ಬಿಳಿ, ತುಸು ಗುಲಾಬಿ, ರಾಶಿ ರಾಶಿ ಹೂ. ಶೇಷಮ್ಮನ ಮುಖ ಅಷ್ಟು ಅರಳಿದ್ದನ್ನು ಅವಳು ಈ ನಾಲ್ಕೈದು ತಿಂಗಳಲ್ಲಿ ನೋಡಿರಲಿಲ್ಲ.

"ನಿನ್ನ ಬಳ್ಳಿ ಎಂಥಾ ಹೂ ಬಿಟ್ಟಿದೆ ಪದ್ಮಾ. ಬುಟ್ಟಿ ತುಂಬ ಸಿಕ್ತು," ಎಂದರು.

ಪದ್ಮಜಾ ಸೌತೆಕಾಯಿಯ ಚೀಲವನ್ನು ನೆಲದ ಮೇಲಿಟ್ಟು ಹಿತ್ತಲಿಗೆ ಓಡಿದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಅತ್ತೆಯ ಕೈ ಎಟುಕುವಷ್ಟೂ ಮರ ಬೋಳು. ಎಲ್ಲಕ್ಕಿಂತ ಮೇಲಿನ ಕವಲುಗಳಲ್ಲಿ ಮಾತ್ರ ಒಂದಿಷ್ಟು ಹೂ ಉಳಿದಿತ್ತು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಒಳಗೆ ಬಂದವಳು ಹೇಳಿಯೇಬಿಟ್ಟಳು.

"ಅದು ಬಳ್ಳಿ ಅಲ್ಲ ಅತ್ತೆ. ಹಣ್ಣಿನ ಮರ. ನಾಲ್ಕು ವರ್ಷದಿಂದ ಕಾಯ್ತಾ ಇದೀನಿ."

ಶೇಷಮ್ಮನ ಕೈಯಲ್ಲಿದ್ದ ಗಂಟೆ ಹಾಗೆಯೇ ನಿಂತಿತು. "ಹಣ್ಣಿನ ಮರಾನ ಯಾರಾದ್ರೂ ಗೋಡೆಗೆ ಕಟ್ತಾರೇನೆ? ಮಲ್ಲಿಗೆ ಹಂಬಿಗಲ್ವೇ ಹಾಗೆ ಕಟ್ಟೋದು? ನೀನು ಸೀರೆ ಹೊದಿಸೋದು ನೋಡಿ, ನವಮಿಗೇಂತ ಕಾಪಾಡ್ತಿದೀಯ ಅಂದ್ಕೊಂಡೆ. ಒಂದು ಮಾತು ಹೇಳಬಾರದಿತ್ತಾ?"

ಹೇಳಬಹುದಿತ್ತು. ಹೇಳದಂತೆ ಮಾಡಿದ್ದು ಅವಳದೇ ಶಪಥ. ಪದ್ಮಜಾ ದೇವರ ಕಡೆ ನೋಡುತ್ತ ನಿಂತಳು. ನಿಂತಂತೆಯೇ ಅವಳೊಳಗಿನ ಮೇಷ್ಟರು ಎದ್ದು ಕೂತರು. ಕಿತ್ತ ಹೂವಿನಲ್ಲಿ ಕಾಯಿ ಕಟ್ಟದು, ನಿಜ. ಆದರೆ ಪರಾಗ ಇನ್ನೂ ಇದೆಯಲ್ಲ. ಈ ಚಳಿಗೆ ಜೇನುಹುಳ ಹೊರಗೆ ಬರುವುದಿಲ್ಲ. ಮೇಲುಳಿದ ಹೂವಿಗೆ ಪರಾಗವನ್ನು ಯಾರಾದರೂ ಕೈಯಾರೆ ಮುಟ್ಟಿಸಬೇಕು.

"ಅತ್ತೆ, ದೇವರ ಮೇಲಿನ ಹೂ ನಂಗೆ ಬೇಕು. ಈಗಲೇ ಬೇಕು."

ನವಮಿಯ ದಿನ, ಮಂಗಳಾರತಿಗೆ ಮುಂಚೆ! ಬೇರೆ ಯಾರಾದರೂ ಕೇಳಿದ್ದರೆ ಶೇಷಮ್ಮ ಮೂರು ದಿನ ಉಪವಾಸ ಕೂರುತ್ತಿದ್ದರು. ಸೊಸೆಯ ಮುಖ ನೋಡಿದರು. ಆರತಿಯ ಹಾಡನ್ನು ಒಂದೇ ನುಡಿಗೆ ಮುಗಿಸಿ, ದೀಪ ಬೆಳಗಿ, ರಾಮನಿಗೆ ಕೈಮುಗಿದು, ಹೂಗಳನ್ನು ತಾವೇ ತೆಗೆದು ತಟ್ಟೆಗೆ ಹಾಕಿದರು. ಯಾತಕ್ಕೆಂದು ಕೇಳಿ ತಿಳಿದ ಮೇಲೆ ದೀಪಕ್ಕೆಂದು ಹೊಸೆದಿಟ್ಟಿದ್ದ ಹೂಬತ್ತಿಯ ಡಬ್ಬವನ್ನೂ ತಂದರು. ಪದ್ಮಜಾ ಹುಡುಕುತ್ತಿದ್ದ ಬ್ರಷ್ಷಿಗಿಂತ ಇದು ಮೆತ್ತಗೆ ಎಂದು ಅವರ ವಾದ.

ಪದ್ಮಜಾ ಏಣಿ ಹತ್ತಿದಳು. ಶೇಷಮ್ಮ ಒಂದು ಕೈಯಲ್ಲಿ ಏಣಿ, ಒಂದು ಕೈಯಲ್ಲಿ ತಟ್ಟೆ ಹಿಡಿದು ನಿಂತರು. ಹೂಬತ್ತಿಯ ತುದಿಗೆ ಹಳದಿ ಪುಡಿ ಅಂಟಿಸಿಕೊಂಡು ಅವಳು ಉಳಿದ ಒಂದೊಂದು ಹೂವನ್ನೂ ಸವರಿದಳು. ಹೊಸ ಕೆಲಸ ಶುರುವಾಗುವ ತನಕ ಮನೆಯಲ್ಲೇ ಇದ್ದ ರಘೋತ್ತಮ ಬಾಗಿಲಲ್ಲಿ ನಿಂತು ಏನೋ ತಮಾಷೆ ಮಾಡಲು ಬಾಯಿ ತೆರೆದ. ತಾಯಿ ಒಮ್ಮೆ ತಿರುಗಿ ನೋಡಿದರು, ಮುಚ್ಚಿದ.

ಸಂಜೆ ರೇಡಿಯೊ ಇಪ್ಪತ್ತೆಂಟು ಡಿಗ್ರಿ ಫ್ಯಾರನ್‌ಹೀಟ್‌ಗೆ, ಅಂದರೆ ನೀರು ಹೆಪ್ಪುಗಟ್ಟುವ ಚಳಿಗೆ, ಇಳಿಯುತ್ತದೆ ಎಂದಿತು. ಇದ್ದ ಸೀರೆಗಳು ಸಾಲುವುದಿಲ್ಲ, ಎರಡು ಪದರ ಬೇಕು ಎಂದು ಪದ್ಮಜಾ ಲೆಕ್ಕ ಹಾಕುತ್ತಿದ್ದಾಗ ಶೇಷಮ್ಮ ತಮ್ಮ ಹದಿನೆಂಟು ಮೊಳದ ಮಡಿ ಸೀರೆ ತಂದು ಅವಳ ತೋಳಿಗೆ ಹಾಕಿದರು. ಮಗನೂ ಮುಟ್ಟಕೂಡದ ಸೀರೆ ಅದು.

ಮೇ ತಿಂಗಳಲ್ಲಿ ಕಾಯಿ ಕಟ್ಟಿತು. ಕಟ್ಟಿದ್ದರಲ್ಲಿ ಅರ್ಧ ಉದುರಿತು, ಅಳಿಲು ಒಂದಿಷ್ಟು ತಿಂದಿತು. ಮಿಕ್ಕ ನಾಲ್ಕೈದನ್ನು ಪದ್ಮಜಾ ತೆಳುಬಟ್ಟೆಯ ಚೀಲ ಹೊಲಿದು ಕಟ್ಟಿ ಕಾದಳು. ಜುಲೈ ಮುಗಿಯುವ ಹೊತ್ತಿಗೆ, ಮನೆಯಲ್ಲಿ ಪೆಟ್ಟಿಗೆಗಳ ನಡುವೆ ಓಡಾಡಲು ಜಾಗವಿಲ್ಲದಾಗ, ಮೊದಲನೆಯದು ಹಣ್ಣಾಯಿತು. ಅರಿಸಿನದ ಮೈ, ಒಂದು ಕೆನ್ನೆಗೆ ಕುಂಕುಮ. ಮುಟ್ಟಿದ್ದೇ ಅಂಗೈಗೆ ಬಂತು.

ಅವಳು ಅದನ್ನು ತೊಳೆದು, ತಟ್ಟೆಯಲ್ಲಿಟ್ಟು, ದೇವರ ಕಪಾಟಿನ ಕಡೆ ಹೊರಟಳು. ಈ ಮನೆಯಲ್ಲಿ ಅದಕ್ಕೆ ಬೇರೆ ದಾರಿಯೇ ಇರಲಿಲ್ಲ. ಶೇಷಮ್ಮ ಅಡ್ಡ ನಿಂತರು.

"ಅವನ ಪಾಲು ನವಮಿಗೇ ಸಂದಿದೆ, ಬುಟ್ಟಿಗಟ್ಟಲೆ. ಇದು ನಿಂದು. ತಿನ್ನು."

ಪದ್ಮಜಾ ಹಣ್ಣನ್ನು ಅದರ ಮೈಮೇಲಿನ ಗೆರೆಯುದ್ದಕ್ಕೂ ಒತ್ತಿ ಎರಡು ಹೋಳು ಮಾಡಿದಳು. ಒಂದನ್ನು ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಇನ್ನೊಂದು ಹೋಳು ಹಿಡಿದುಕೊಂಡು ಅತ್ತೆಯನ್ನು ನೋಡಿದಳು, ಕೊಡಲು ಧೈರ್ಯವಾಗಲಿಲ್ಲ. ನೈವೇದ್ಯವಾಗದ್ದನ್ನು ಒಂದು ದಿನವೂ ಮುಟ್ಟದ ಶೇಷಮ್ಮ ತಾವಾಗಿಯೇ ಬಲಗೈ ಚಾಚಿ ಅದನ್ನು ಇಸಿದುಕೊಂಡರು, ನಿಂತಲ್ಲೇ ತಿಂದರು.